ಅದೇ ಹೆಸರಿನ ಪಕ್ಷೇತರ

ಬೆಳಿಗ್ಗೆ ಕಣ್ಣು ಬಿಟ್ಟ ಮಾಜಿಯವರಿಗೆ ಮೊದಲು ನೆನಪಾದದ್ದು ಅಡಿಟಿಪ್ಪಣಿ. ಹಲ್ಲುಜ್ಜುವಾಗಲೂ ಅದೇ, ಮುಖಕ್ಕೆ ನೀರು ಎರಚಿಕೊಳ್ಳುವಾಗಲೂ ಅದೇ. ಹಿಂದಿನ ದಿನ ಅಂಚೆಯವನು ಕೊಟ್ಟುಹೋದ ಕಂದು ಲಕೋಟೆಯಲ್ಲಿ ಶಾಸನಸಭೆಯ ಗ್ರಂಥಾಲಯದಿಂದ ಒಂದು ಹಾಳೆ ಬಂದಿತ್ತು. ಇದುವರೆಗೆ ಆಯ್ಕೆಯಾದ ಎಲ್ಲ ಶಾಸಕರ ಪರಿಚಯವನ್ನು ಒಂದೇ ಸಂಪುಟದಲ್ಲಿ ಅಚ್ಚುಹಾಕಿಸುತ್ತಿದ್ದಾರಂತೆ. ತಮ್ಮ ಪುಟವನ್ನು ಓದಿ ನೋಡಿ, ತಿದ್ದುವುದೇನಾದರೂ ಇದ್ದರೆ ಶುಕ್ರವಾರದೊಳಗೆ ಖುದ್ದಾಗಿ ಬಂದು ತಿಳಿಸಬೇಕಂತೆ. ಭಾವಚಿತ್ರವನ್ನೂ ಅಲ್ಲೇ ತೆಗೆಯುತ್ತಾರಂತೆ. ಪುಟ ಎಂದರೆ ಅರ್ಧ ಪುಟ. ಸ್ಪರ್ಧಿಸಿದ್ದು ಆರು ಬಾರಿ, ಗೆದ್ದದ್ದು ಒಂದು ಬಾರಿ, ಠೇವಣಿ ಕಳೆದುಕೊಂಡದ್ದು ಎರಡು ಬಾರಿ. ಮೊದಲ ಸಲ ಒಂಬತ್ತು ಸಾವಿರ ಮತ, ಎರಡನೆಯ ಸಲ ಇಪ್ಪತ್ತೊಂದು ಸಾವಿರದ ನಾನೂರಾ ಆರು, ಅಲ್ಲಿಂದ ಮುಂದೆ ಮೆಟ್ಟಿಲಿಳಿದ ಹಾಗೆ ಇಳಿದು ಇಳಿದು ಕೊನೆಯ ಸಲ ಆರುನೂರಾ ಹದಿನೇಳು. ಆ ಕೊನೆಯ ಅಂಕಿಯನ್ನು ನೋಡಿದಾಗಲೆಲ್ಲ ಅವರಿಗೆ ತಮ್ಮ ಮಗಳ ಮದುವೆಯಲ್ಲಿ ಉಂಡುಹೋದವರು ಇದಕ್ಕಿಂತ ಹೆಚ್ಚಿದ್ದರಲ್ಲ ಅನಿಸುತ್ತಿತ್ತು. ಸದನದಲ್ಲಿ ಮಾತನಾಡಿದ್ದು: ಒಮ್ಮೆ. ಆ ಮಾತನ್ನೂ ಯಥಾವತ್ತಾಗಿ ಕೊಟ್ಟಿದ್ದರು: ‘ಮಾನ್ಯ ಅಧ್ಯಕ್ಷರೇ, ಆ ಕಿಟಕಿ ಮುಚ್ಚಿಸಬೇಕು.’ ಕುಡಿಯುವ ನೀರಿನ ಕೊಳವೆಯ ಬಗ್ಗೆ ಹನ್ನೊಂದು ಹಾಳೆ ಬರೆದುಕೊಂಡು ಎದ್ದು ನಿಂತಿದ್ದರು. ಗಾಳಿಗೆ ಹಾಳೆಗಳು ಹಾರಿ ವಿರೋಧಪಕ್ಷದವರ ಕಾಲಡಿ ಸೇರಿದವು. ಕಿಟಕಿ ಮುಚ್ಚಿಸಿ ಹಾಳೆ ಜೋಡಿಸಿಕೊಳ್ಳುವಷ್ಟರಲ್ಲಿ ಅವರ ಸಮಯ ಮುಗಿದಿತ್ತು. ಇಪ್ಪತ್ತೆರಡು ತಿಂಗಳಿಗೆ ಸದನವೇ ವಿಸರ್ಜನೆಯಾಯಿತು. ಹಾಲಿ ಆಗಿದ್ದದ್ದು ಇಪ್ಪತ್ತೆರಡು ತಿಂಗಳು, ಮಾಜಿ ಆಗಿರುವುದು ಇಪ್ಪತ್ತೊಂಬತ್ತು ವರ್ಷ. ಈಗ ತರಕಾರಿಯವಳೂ ಅವರನ್ನು ಕರೆಯುವುದು ಮಾಜಿ ಎಂದೇ. ಅದು ಪದವಿಯೋ ಅಡ್ಡಹೆಸರೋ ಎಂದು ಕೇಳುವ ಧೈರ್ಯ ಅವರಿಗೂ ಬಂದಿರಲಿಲ್ಲ.

ಇದನ್ನೆಲ್ಲ ಅವರು ಸಹಿಸಬಲ್ಲವರಾಗಿದ್ದರು. ಸೋಲು ಅವರಿಗೆ ಹಳೆಯ ಚಪ್ಪಲಿಯಂತೆ ಒಗ್ಗಿಹೋಗಿತ್ತು. ಆದರೆ ಆ ಒಂದು ಗೆಲುವಿನ ತಲೆಯ ಮೇಲೆ ಪುಟ್ಟ ನಕ್ಷತ್ರವೊಂದನ್ನು ಇಟ್ಟು, ಪುಟದ ಕೊನೆಯಲ್ಲಿ ಇರುವೆಸಾಲಿನಂಥ ಅಕ್ಷರಗಳಲ್ಲಿ ಯಾರೋ ಹೀಗೆ ಬರೆದಿದ್ದರು: ‘ಗೆಲುವಿನ ಅಂತರ ಮುನ್ನೂರಾ ಹನ್ನೆರಡು. ಸೋತ ಪ್ರಮುಖ ಅಭ್ಯರ್ಥಿಯ ಹೆಸರನ್ನೇ ಹೊಂದಿದ್ದ ಪಕ್ಷೇತರರೊಬ್ಬರು ಸಾವಿರದ ಒಂಬೈನೂರಾ ಹದಿನಾಲ್ಕು ಮತ ಪಡೆದಿದ್ದಾರೆ. ಹೆಸರಿನ ಗೊಂದಲವೇ ಫಲಿತಾಂಶವನ್ನು ನಿರ್ಧರಿಸಿರಬಹುದು.’ ಮೂವತ್ತೊಂದು ವರ್ಷದಿಂದ ಅವರೊಬ್ಬರೇ ತಿರುವಿಹಾಕುತ್ತಿದ್ದ ಲೆಕ್ಕ ಅದು. ಅದನ್ನು ಈಗ, ಪತ್ತೆಹಚ್ಚಿದ ಜಂಬವೂ ಇಲ್ಲದೆ, ಇಂದಿನ ಹವಾಮಾನ ಹೇಳುವಷ್ಟು ತಣ್ಣಗೆ ಯಾರೋ ಹೇಳಿಬಿಟ್ಟಿದ್ದರು. ಊಟದ ಮೇಜಿನ ಮೇಲೆ ಆ ಹಾಳೆ ಬಿದ್ದಿತ್ತು. ಅವರ ಹೆಂಡತಿ ಮೂವತ್ತೈದು ವರ್ಷ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಅಕ್ಷರವಿರುವ ಯಾವ ಕಾಗದವನ್ನೂ ಕೆಂಪು ಪೆನ್ಸಿಲ್ಲಿಲ್ಲದೆ ಓದುವ ಅಭ್ಯಾಸವಿರಲಿಲ್ಲ. ಎರಡು ಕಡೆ ಕೆಂಪು ಗೀಟು ಬಿದ್ದಿತ್ತು.

“ವಿಸರ್ಜನೆಗೆ ಒತ್ತು ತಪ್ಪಿದೆ, ಠೇವಣಿಗೆ ದೀರ್ಘ ಬಿಟ್ಟಿದಾರೆ,” ಎಂದರು ಹೆಂಡತಿ, ಚಹಾದ ಲೋಟ ಮುಂದಿಡುತ್ತ. “ಕೆಳಗಿನ ಟಿಪ್ಪಣಿಯಲ್ಲಿ ಮಾತ್ರ ಒಂದೂ ತಪ್ಪಿಲ್ಲ ನೋಡ್ರೀ.”

ಕಾಗುಣಿತದ ತಪ್ಪೋ ಸಂಗತಿಯ ತಪ್ಪೋ ಎಂದು ಕೇಳಲು ಬಾಯಿ ತೆರೆದವರು ಚಹಾ ಕುಡಿದು ಮುಚ್ಚಿಕೊಂಡರು. ಈಕೆಗೆ ಗೊತ್ತಿದೆಯೇ? ನಾಲಿಗೆ ಸುಟ್ಟಿತು. ಎಷ್ಟು ವರ್ಷ ಮಕ್ಕಳ ಮುಖ ನೋಡಿ ಯಾರು ಬಳಪ ಕದ್ದವರು ಎಂದು ಹೇಳುತ್ತಿದ್ದ ಹೆಂಗಸು! ಆದರೂ ಗೊತ್ತಿದ್ದರೆ ಹೀಗೆ ಸುಮ್ಮನಿರುತ್ತಿದ್ದಳೇ? ಅಥವಾ ಸುಮ್ಮನಿರುವುದೇ ಆಕೆ ಕೊಟ್ಟ ಅಂಕವೇ? “ಇವತ್ತೇ ಹೋಗಿ ಬರ್ತೀನಿ, ಒತ್ತು ದೀರ್ಘ ಎಲ್ಲ ಸರಿ ಮಾಡಿಸ್ಬೇಕು,” ಎಂದು ಎದ್ದರು. “ಫೋಟೋಕ್ಕೆ ಯಾವ ಕೋಟು?” ಎಂದರು ಹೆಂಡತಿ. “ಹೊಸದು. ದರ್ಜಿ ಹತ್ತಿರ ಇದೆ.” ಹೆಂಡತಿ ಕೆಂಪು ಪೆನ್ಸಿಲ್ಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ನಕ್ಕರು, ಅಷ್ಟೆ.

ನಗುವುದಕ್ಕೆ ಕಾರಣವಿತ್ತು. ಆ ದರ್ಜಿ ದಿಂಬಿನ ಚೀಲ ಹೊಲಿದರೆ ಊರಿಗೇ ಮೇಲು, ಶಾಲೆಯ ಸಮವಸ್ತ್ರವನ್ನೂ ಒಪ್ಪಬಹುದು. ಕೋಟು ಮಾತ್ರ ಅವನ ಕೈಗೆ ಹತ್ತುತ್ತಿರಲಿಲ್ಲ. ಎಡತೋಳು ಸದಾ ಬಲತೋಳಿಗಿಂತ ಒಂದು ಬೆರಳು ಉದ್ದ. ಆದರೂ ಮೂವತ್ತೊಂದು ವರ್ಷದಿಂದ ಮಾಜಿಯವರು ಬೇರೆ ದರ್ಜಿಯ ಬಾಗಿಲು ತುಳಿದವರಲ್ಲ. ಅಂಗಡಿ ಮೊದಲಿನಂತೆಯೇ ಇತ್ತು: ಒಂದೇ ಯಂತ್ರ, ಗೋಡೆಗೆ ಒರಗಿಸಿದ ಉದ್ದನೆಯ ಕನ್ನಡಿ, ನೆಲದ ಮೇಲೆ ಬಣ್ಣಬಣ್ಣದ ಚೂರು ಬಟ್ಟೆ. ಇದೇ ಕನ್ನಡಿಯ ಮುಂದೆ, ಇದೇ ಸ್ಟೂಲಿನ ಮೇಲೆ ಕೂತು ಅವರು ಅಂದು ಕೇಳಿದ್ದರು: ನಿನ್ನ ಹೆಸರು ಹದಿನೈದು ದಿನಕ್ಕೆ ಬೇಕಲ್ಲ ಮಾರಾಯ. ಎದುರು ನಿಂತಿದ್ದ ವಕೀಲರದೂ ಇವನದೂ ಒಂದೇ ಹೆಸರು. ಹೆಸರಿನ ಹಿಂದಿನ ಅಕ್ಷರವೂ ಒಂದೇ. ವಕೀಲರದು ಬೀದಿದೀಪದ ಗುರುತು. ಇವನಿಗೆ ಟಾರ್ಚಿನ ಗುರುತು ಸಿಗುವಂತೆ ಮಾಜಿಯವರೇ ಅರ್ಜಿ ಬರೆದುಕೊಟ್ಟಿದ್ದರು. ದರ್ಜಿ ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ ಕೇಳಿಸಿಕೊಂಡಿದ್ದ. ನಾಮಪತ್ರಕ್ಕೆ ಸಹಿ ಹಾಕು, ಆಮೇಲೆ ಅಂಗಡಿ ಮುಚ್ಚಿ ಅಕ್ಕನ ಊರಿಗೆ ಹೋಗಿಬಿಡು, ಎಣಿಕೆಯ ದಿನ ಬಂದರೆ ಸಾಕು ಎಂದಾಗ, “ನಾನು ಏನೂ ಮಾಡೋದು ಬೇಡ್ವಾ?” ಎಂದು ಕೇಳಿದ್ದ. “ಏನೂ ಮಾಡ್ಬೇಡ. ಅದೇ ನೀನು ಮಾಡ್ಬೇಕಾದ ಕೆಲಸ.” ಆ ಮಾತು ಹೇಳಿದಾಗ ಎಷ್ಟು ಜಾಣ ಅನಿಸಿತ್ತು! ಬದುಕಿನಲ್ಲಿ ತಾನು ಸ್ವಂತ ಬುದ್ಧಿಯಿಂದ ಮಾಡಿದ ರಾಜಕೀಯ ಅದೊಂದೇ. ಉಳಿದ ಐದು ಚುನಾವಣೆಗಳಲ್ಲಿ ಮಾಡಿದ್ದು ಬರೀ ಸಮಾಜಸೇವೆ.

“ಇನ್ನೂ ಕಚ್ಚಾ ಹೊಲಿಗೇಲಿದೆ ಸಾಹೇಬ್ರೆ,” ಎಂದ ದರ್ಜಿ, ಕೋಟನ್ನು ಅವರ ಮೈಗೇರಿಸುತ್ತ. ಅವನಿಗೂ ಎಪ್ಪತ್ತಾಗಿತ್ತು; ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಾಕಿಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದ. “ನೀವು ಹೀಗೇ ಹಾಕ್ಕೊಂಡು ಬಸ್ಸಲ್ಲಿ ಕೂತ್ರೆ ತೋಳು ಕಳಚಿ ಬರತ್ತೆ. ನಾನೂ ಬರ್ತೀನಿ. ಫೋಟೋ ಹೊತ್ತಿಗೆ ಅಲ್ಲೇ ಪಿನ್ನು ಹಾಕಿ ನಿಲ್ಲಿಸಿಬಿಡ್ತೀನಿ.”

“ನೀನು ಯಾಕೆ ಅಷ್ಟು ದೂರ...”

“ಪುಸ್ತಕದಲ್ಲಿ ಬರೋ ಕೋಟಲ್ವಾ?” ಎಂದ ದರ್ಜಿ. ಅಂಗಡಿಗೆ ಆಗಲೇ ಬೀಗ ಹಾಕುತ್ತಿದ್ದ.

ಬಸ್ಸಿನಲ್ಲಿ ದರ್ಜಿ ಕೋಟನ್ನು ಮಡಿಲಲ್ಲಿ ಮಗುವಿನಂತೆ ಮಲಗಿಸಿಕೊಂಡು ಕಿಟಕಿಯ ಪಕ್ಕ ಕೂತ. ಮಾಜಿಯವರಿಗೆ ಬೆವರಿತು. ಅಡಿಟಿಪ್ಪಣಿ ತೆಗೆಸಬೇಕೆಂದು ಹೊರಟವನು ಅಡಿಟಿಪ್ಪಣಿಯನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಹೋಗುತ್ತಿದ್ದೇನಲ್ಲ! ಇವನಿಗೆ ಆ ಸಾವಿರದ ಒಂಬೈನೂರಾ ಹದಿನಾಲ್ಕರ ಬಗ್ಗೆ ಏನನಿಸುತ್ತದೆ ಎಂದು ಒಂದು ದಿನವೂ ಕೇಳಿರಲಿಲ್ಲ. ಎಣಿಕೆಯ ದಿನ ಆ ಅಂಕಿ ಕೂಗಿದಾಗ ದರ್ಜಿ ಮೂಲೆಯ ಬೆಂಚಿನಿಂದ ಎದ್ದು ನಿಂತದ್ದು, ಯಾರೂ ತನ್ನನ್ನು ನೋಡದಿದ್ದರೂ ಎಲ್ಲರಿಗೂ ಕೈ ಮುಗಿದದ್ದು ನೆನಪಿದೆ. ಆಗ ನಗು ತಡೆಯಲು ಕೆಮ್ಮಿದ್ದರು. ಆಮೇಲೆ ವಕೀಲರು ಬಂದು, ಎರಡೂ ಕೈಯಿಂದ ಇವರ ಕೈ ಹಿಡಿದು, “ಜನ ತೀರ್ಮಾನ ಮಾಡಿದಾರೆ, ಒಳ್ಳೇದಾಗ್ಲಿ,” ಎಂದದ್ದು. ಆ ಕೈ ಬೆಚ್ಚಗಿತ್ತು. ಏನಾದರೂ ಗೊತ್ತಿದ್ದವನ ಕೈ ಅಷ್ಟು ಬೆಚ್ಚಗಿರುವುದು ಸಾಧ್ಯವೇ? ಅಥವಾ ಗೊತ್ತಿದ್ದೇ ಬೆಚ್ಚಗಿಟ್ಟುಕೊಂಡಿದ್ದರೇ? ನಾಲ್ಕು ವರ್ಷದ ಹಿಂದೆ ವಕೀಲರು ತೀರಿಕೊಂಡಾಗ ಶ್ರದ್ಧಾಂಜಲಿ ಸಭೆಯಲ್ಲಿ ಮಾಜಿಯವರು ಅತ್ತುಬಿಟ್ಟರು. ಎದುರಾಳಿಗಾಗಿ ಹೀಗೆ ಅಳುವವರು ಈಗ ಎಲ್ಲಿದ್ದಾರೆ ಎಂದು ಜನ ಮೆಚ್ಚಿಕೊಂಡರು. ಮೆಚ್ಚಿಕೊಂಡದ್ದು ಕೇಳಿ ಇನ್ನಷ್ಟು ಅಳು ಬಂತು. ಸಭೆ ಮುಗಿದ ಮೇಲೆ, ಈ ಸಹಾನುಭೂತಿಯಲ್ಲಿ ಇನ್ನೊಮ್ಮೆ ನಿಂತರೆ ಹೇಗೆ ಎಂಬ ಯೋಚನೆಯೂ ಒಂದು ಕ್ಷಣ ತಲೆಯಲ್ಲಿ ಸುಳಿದುಹೋಯಿತು. ಅದನ್ನು ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ಪಕ್ಕದಲ್ಲಿ ದರ್ಜಿ ತೂಕಡಿಸುತ್ತಿದ್ದ. ಇವನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ತಾನೊಬ್ಬನೇ ಒಳಗೆ ಹೋಗಿಬಿಡಬೇಕು ಎಂದು ನಿಶ್ಚಯಿಸಿಕೊಂಡರು.

ಹೊರಗೆ ಬೆಂಚೇ ಇರಲಿಲ್ಲ. ಗ್ರಂಥಾಲಯದ ಸಂಪುಟ ವಿಭಾಗ ಎಂದರೆ ನೆಲಮಾಳಿಗೆಯ ಒಂದು ಉದ್ದ ಕೋಣೆ. ಕಬ್ಬಿಣದ ಕಪಾಟುಗಳ ನಡುವೆ ಒಂದು ಮೇಜು, ಮೇಜಿನ ಹಿಂದೆ ತಲೆತುಂಬ ಗುಂಗುರು ಕೂದಲಿನ ಒಬ್ಬ ಗ್ರಂಥಪಾಲಕಿ, ಎದುರಿಗೆ ಎರಡು ಕುರ್ಚಿ. “ಬನ್ನಿ ಸರ್, ಇಬ್ರೂ ಕೂತ್ಕೊಳಿ,” ಎಂದು ಆಕೆ ಎಷ್ಟು ಪ್ರೀತಿಯಿಂದ ಕರೆದಳೆಂದರೆ ದರ್ಜಿ ಮಾಜಿಯವರಿಗಿಂತ ಮೊದಲೇ ಕೂತುಬಿಟ್ಟ. ಒತ್ತು ಸರಿಯಾಯಿತು, ದೀರ್ಘ ಸರಿಯಾಯಿತು. ಮುಂದೇನೆಂದು ಆಕೆ ಪೆನ್ನು ಹಿಡಿದು ಕಾದಳು. ಮಾಜಿಯವರು ಹಾಳೆಯ ಕೊನೆಯ ಮೇಲೆ ಬೆರಳಿಟ್ಟು, ತುಟಿ ಅಲುಗಿಸದೆ, “ಇದೊಂದು...” ಎಂದರು.

“ಓ, ಆ ಟಿಪ್ಪಣಿ!” ಆಕೆಯ ಮುಖ ಅರಳಿತು. “ಅದನ್ನ ಹುಡುಕಿದ್ದು ನಾನೇ ಸರ್. ಅದೇ ಹೆಸರಿನ ಪಕ್ಷೇತರ! ಸಾವಿರದ ಒಂಬೈನೂರಾ ಹದಿನಾಲ್ಕು! ಇಡೀ ಸಂಪುಟದಲ್ಲೇ ಇಂಥದ್ದು ಇನ್ನೊಂದಿಲ್ಲ.”

ದರ್ಜಿ ಎದ್ದು ನಿಂತ. ಮೂವತ್ತೊಂದು ವರ್ಷದ ಹಿಂದೆ ಎದ್ದು ನಿಂತ ಹಾಗೆಯೇ. ಕೋಟನ್ನು ಎಡಗೈಗೆ ಹಾಕಿಕೊಂಡು ಕೈ ಮುಗಿದ. “ಅದು ನಾನೇ ಅಮ್ಮಾ.”

ಆಕೆಗೆ ಖುಷಿಯಾಯಿತು. ಹಳೆಯ ಫಲಿತಾಂಶದ ಪುಸ್ತಕವನ್ನೇ ಕಪಾಟಿನಿಂದ ಇಳಿಸಿ, ಧೂಳು ಒರಸಿ, ಪುಟ ತೆರೆದು ಅವನ ಮುಂದಿಟ್ಟಳು. ದರ್ಜಿ ಎರಡು ಕನ್ನಡಕವನ್ನೂ ಏರಿಸಿಕೊಂಡು ತನ್ನ ಹೆಸರಿನ ಮೇಲೆ ಬೆರಳಾಡಿಸಿದ. ಆಮೇಲೆ ಮಾಜಿಯವರ ಮುಂದಿದ್ದ ಹಾಳೆಯನ್ನು ತನ್ನ ಕಡೆ ಎಳೆದುಕೊಂಡು, ಇರುವೆಸಾಲಿನಂಥ ಅಕ್ಷರಗಳನ್ನು ಒಂದೊಂದಾಗಿ ಓದಿದ. ಮಾಜಿಯವರಿಗೆ ತಕ್ಷಣ ಮೂತ್ರಕ್ಕೆ ಹೋಗಬೇಕೆನಿಸಿತು.

“ಗೊಂದಲ ಅಂದ್ರೆ?” ಎಂದ ದರ್ಜಿ.

“ಅಂದ್ರೆ... ಜನ ವಕೀಲರಿಗೆ ಅಂತ ಅಂದ್ಕೊಂಡು ತಪ್ಪಿ ನಿಮ್ಮ ಗುರುತಿಗೆ ಮುದ್ರೆ ಒತ್ತಿದಾರೆ ಅಂತ,” ಎಂದಳು ಆಕೆ. ಹೇಳುತ್ತ ಹೇಳುತ್ತ ಅವಳ ದನಿ ತಗ್ಗಿತು. ಎದುರಿಗಿದ್ದ ಮುದುಕನ ಮುಖ ನೋಡಿ ತಾನೇನೋ ಮಾಡಬಾರದ್ದು ಮಾಡಿದೆನೆಂಬಂತೆ ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು.

“ಎಲ್ಲರೂ?” ಎಂದ ದರ್ಜಿ. “ಅಷ್ಟೂ ಜನ ತಪ್ಪಿ?”

ಆ ಪ್ರಶ್ನೆ ಆಕೆಗೆ ಕೇಳಿದ್ದು. ಆದರೆ ಅವನು ತಿರುಗಿ ನೋಡಿದ್ದು ಮಾಜಿಯವರನ್ನು. ಮಾಜಿಯವರ ಗಂಟಲು ತಾನಾಗಿಯೇ ಸರಿಯಾಯಿತು. ಚುನಾವಣೆಯ ಭಾಷಣಕ್ಕೆ ನಿಂತಾಗ ಆಗುತ್ತಿದ್ದುದೂ ಹೀಗೆಯೇ: ಒಳಗಿನವನು ನಡುಗುತ್ತಿರುವಾಗಲೇ ಹೊರಗಿನವನು ಮಾತು ಶುರುಮಾಡಿಬಿಡುತ್ತಿದ್ದ. “ಯಾರು ಹೇಳಿದ್ದು ಗೊಂದಲ ಅಂತ?” ಎಂದು ಮೇಜು ಗುದ್ದಿದರು. “ಅಮ್ಮಾ, ನೀವು ಆಗ ಹುಟ್ಟೇ ಇರ್ಲಿಲ್ಲ. ಈ ಮನುಷ್ಯ ಪ್ರಚಾರ ಮಾಡಿದ್ದು ನಾನು ಕಣ್ಣಾರೆ ನೋಡಿದೀನಿ. ಸೈಕಲ್ ಮೇಲೆ ಓಣಿ ಓಣಿ ಸುತ್ತಿದ. ಹಗಲುಹೊತ್ತಲ್ಲೇ ಕೈಯಲ್ಲಿ ಟಾರ್ಚು ಹೊತ್ತಿಸ್ಕೊಂಡು ಮನೆ ಮನೆ ಬಾಗಿಲು ತಟ್ಟಿದ. ನನಗೆ ವಕೀಲರ ಭಯ ಇರ್ಲಿಲ್ಲ, ಇವನ ಭಯ ಇತ್ತು. ಇವನು ಇನ್ನೊಂದು ವಾರ ತಿರುಗಿದ್ರೆ ನಾನು ಮನೇಲಿರ್ತಿದ್ದೆ.” ತಮ್ಮ ಬಾಯಿಂದ ಬರುತ್ತಿದ್ದುದನ್ನು ತಾವೇ ಬೆರಗಾಗಿ ಕೇಳುತ್ತಿದ್ದರು. ಇದು ಯಾರಿಗಾಗಿ ಹೇಳುತ್ತಿರುವ ಸುಳ್ಳು? ಟಿಪ್ಪಣಿ ಅಳಿಸಲೆಂದೋ, ದರ್ಜಿಯ ಆ ಮುಖವನ್ನು ನೋಡಲಾರದೆಯೋ? ಎರಡೂ ಇರಬಹುದು. ಅರ್ಧ ಅರ್ಧ ಎಂದು ಒಳಗೆ ಯಾರೋ ಚೌಕಾಸಿ ಮಾಡುತ್ತಿದ್ದರು. ಗ್ರಂಥಪಾಲಕಿ ಸರಸರನೆ ಬರೆದುಕೊಳ್ಳುತ್ತಿದ್ದಳು. “ಹಗಲಲ್ಲಿ ಟಾರ್ಚು! ಎಷ್ಟು ಚೆನ್ನಾಗಿದೆ ಸರ್. ಹಾಗಾದ್ರೆ ಗೊಂದಲ ಅನ್ನೋದನ್ನ ತೆಗೀತೀನಿ. ‘ತೀವ್ರ ಪ್ರಚಾರ ನಡೆಸಿದ ಪಕ್ಷೇತರರೊಬ್ಬರು’ ಅಂತ ಹಾಕ್ತೀನಿ. ಸರೀನಾ?” ದರ್ಜಿ ಮಾಜಿಯವರನ್ನೇ ದಿಟ್ಟಿಸುತ್ತಿದ್ದ. ಭಾವಚಿತ್ರಕ್ಕೆ ನಿಲ್ಲಿಸಿದಾಗ ಕೋಟಿನ ಬೆನ್ನಿಗೆ ಅವನು ಒಂದೊಂದೇ ಪಿನ್ನು ಚುಚ್ಚುತ್ತಿದ್ದರೆ, ಯಾವ ಪಿನ್ನು ಬಟ್ಟೆ ದಾಟಿ ಮೈಗೆ ಇಳಿಯುತ್ತದೋ ಎಂದು ಮಾಜಿಯವರು ಉಸಿರು ಬಿಗಿಹಿಡಿದು ನಿಂತರು. ಚಿತ್ರದಲ್ಲಿ ಆ ಬಿಗಿ ಗಾಂಭೀರ್ಯವಾಗಿ ಬಂದಿತ್ತು.

ಹೊರಗೆ ಬಂದು ಬಸ್ಸಿನ ತಂಗುದಾಣದ ಕಲ್ಲುಬೆಂಚಿನ ಮೇಲೆ ಕೂತರು. ಮಧ್ಯಾಹ್ನದ ಬಿಸಿಲು. ಈಗ ಬೈಯುತ್ತಾನೆ, ಬೈಯಲಿ, ಮೂವತ್ತೊಂದು ವರ್ಷಕ್ಕೆ ಒಮ್ಮೆಯಾದರೂ ಯಾರಾದರೂ ಬೈದುಬಿಟ್ಟರೆ ಹಗುರವಾದೀತು ಎಂದು ಮಾಜಿಯವರು ತಲೆ ತಗ್ಗಿಸಿ ಕಾದರು. ದರ್ಜಿ ಆಚೀಚೆ ನೋಡಿ, ಹತ್ತಿರ ಸರಿದು, ಪಿಸುದನಿಯಲ್ಲಿ ಕೇಳಿದ:

“ನಿಮಗೆ ಯಾರು ಹೇಳಿದ್ದು ಸಾಹೇಬ್ರೆ?”

“ಏನನ್ನ?”

“ನಾನು ಸೈಕಲ್ ಮೇಲೆ ತಿರುಗಿದ್ದು. ಟಾರ್ಚಿಂದು. ಯಾರಿಗೂ ಬಾಯಿ ಬಿಡಬಾರದು ಅಂತ ಅಷ್ಟು ಓಣಿಯವರ ಹತ್ರಾನೂ ಮಾತು ತಗೊಂಡಿದ್ದೆ.”

ಮಾಜಿಯವರು ತಲೆಯೆತ್ತಿದರು. ದರ್ಜಿಯ ಮುಖದಲ್ಲಿ ಸಿಟ್ಟಿರಲಿಲ್ಲ. ಮೇಷ್ಟ್ರ ಕೈಗೆ ಸಿಕ್ಕಿಬಿದ್ದ ಹುಡುಗನ ಸಂಕೋಚವಿತ್ತು. “ಏನೂ ಮಾಡ್ಬೇಡ ಅಂದಿದ್ರಿ. ನಿಮ್ಮ ಮಾತು ಮೀರ್ಬಾರದು ಅಂತಾನೇ ಅಕ್ಕನ ಮನೆಗೆ ಹೋದೆ. ಎರಡು ದಿನ ಇದ್ದೆ. ಅಕ್ಕ ಬಂದವರಿಗೆಲ್ಲ, ನನ್ನ ತಮ್ಮ ಎಲೆಕ್ಷನ್ನಿಗೆ ನಿಂತಿದಾನೆ, ಆದ್ರೆ ಓಟು ಕೇಳಲ್ವಂತೆ, ಅಂತ ಹೇಳಿ ಹೇಳಿ ನಗ್ತಿದ್ಲು. ತಡಿಯೋಕಾಗ್ಲಿಲ್ಲ. ಮೂರನೇ ದಿನ ವಾಪಸ್ ಬಂದ್ಬಿಟ್ಟೆ. ಮಿಲ್ಲಿನ ಹಿಂದಿನ ಓಣಿಗಳು, ಕೆರೆ ಆಚೆಯ ಗುಡಿಸಲುಗಳು, ಆ ಕಡೆ ಎಲ್ಲ ತಿರುಗಿದೆ. ನೀವು ಆ ಕಡೆ ಬರ್ಲೇ ಇಲ್ಲವಲ್ಲ, ಹಾಗಾಗಿ ಸಿಕ್ಕಿಹಾಕ್ಕೊಳ್ಲಿಲ್ಲ. ಮೂವತ್ತೊಂದು ವರ್ಷದಿಂದ ನಿಮ್ಮ ಮುಖ ನೋಡೋವಾಗೆಲ್ಲ ಅದೇ ನೆನಪು, ಕೊಟ್ಟ ಮಾತು ಮುರಿದೆ ಅಂತ. ಅಳತೆ ತಗೊಳೋಕೆ ತೋಳು ಹಿಡಿದ್ರೆ ಕೈ ನಡುಗ್ತಿತ್ತು.”

ಮಾಜಿಯವರಿಗೆ ಮೊದಲು ಅನಿಸಿದ್ದು ನೆಮ್ಮದಿಯಲ್ಲ, ಕಳವಾದ ಹಾಗೆ. ತನ್ನ ಒಂದೇ ಒಂದು ಜಾಣತನವನ್ನು, ಅದರ ಜೊತೆಗೆ ಜೋಪಾನವಾಗಿ ಸಾಕಿದ ಪಾಪಪ್ರಜ್ಞೆಯನ್ನು, ಈ ಮನುಷ್ಯ ಸೈಕಲ್ ತುಳಿದು ಕದ್ದೊಯ್ದಿದ್ದ. ಶ್ರದ್ಧಾಂಜಲಿ ಸಭೆಯಲ್ಲಿ ಸುರಿಸಿದ ಕಣ್ಣೀರಿಗೆ ಈಗ ಯಾರನ್ನು ಕೇಳುವುದು? ಆಮೇಲೆ ಲೆಕ್ಕ ತನಗೆ ತಾನೇ ಓಡತೊಡಗಿತು. ಅಂತರ ಮುನ್ನೂರಾ ಹನ್ನೆರಡು. ತಪ್ಪಿ ಬಿದ್ದ ಮತ ಅದಕ್ಕಿಂತ ಕಡಿಮೆಯಿದ್ದರೆ ಸಾಕು. ಅಂದರೆ ದರ್ಜಿಗೆಂದೇ ಬಿದ್ದ ಮತ ಸಾವಿರದ ಆರುನೂರಾ ಮೂರು ಇದ್ದರೆ ತನ್ನ ಗೆಲುವು ಅಪ್ಪಟ. “ಎಷ್ಟು ಮನೆ ಹತ್ತಿದ್ದೆ?” ಎಂದು ಅವನ ಮೊಣಕಾಲು ಹಿಡಿದರು. “ಸರಿಯಾಗಿ ನೆನಪು ಮಾಡ್ಕೋ. ಐನೂರು? ಒಂದು ಮನೇಲಿ ಮೂರು ಓಟು ಅಂತ ಹಿಡಿ. ಎಲ್ಲರೂ ಹಾಕ್ತೀನಿ ಅಂದ್ರಾ? ಬಾಯಿಮಾತಿಗೆ ಅಂದ್ರೋ, ಮನಸ್ಸಿಟ್ಟು ಅಂದ್ರೋ?”

“ಯಾರು ಎಣಿಸಿದಾರೆ ಸಾಹೇಬ್ರೆ,” ಎಂದ ದರ್ಜಿ. “ಕೆಲವರು ಒಳಗೆ ಕರೆದು ಕೂರಿಸಿದ್ರು. ಒಬ್ಬ ಅಜ್ಜಿ, ಹಗಲಲ್ಲಿ ಟಾರ್ಚು ಯಾಕಪ್ಪಾ ಅಂದ್ಲು. ನಿಮ್ಮ ಓಣಿ ಕಡೆ ಯಾರೂ ನೋಡಲ್ಲವಲ್ಲ ಅಜ್ಜಿ, ಹುಡುಕ್ಕೊಂಡು ಬಂದೆ ಅಂದೆ. ಆ ಮಾತು ಅದೆಷ್ಟು ಹಿಡಿಸ್ತೋ, ಮುಂದಿನ ಮನೆಗಳಿಗೆ ಅವಳೇ ಕರ್ಕೊಂಡು ಹೋದ್ಲು. ಆಮೇಲೆ ಎಲ್ಲ ಕಡೆ ಅದನ್ನೇ ಹೇಳ್ದೆ.”

ಒಳ್ಳೆಯ ಮಾತು. ಎಷ್ಟು ಒಳ್ಳೆಯ ಮಾತೆಂದರೆ ಮಾಜಿಯವರಿಗೆ ಹೊಟ್ಟೆಕಿಚ್ಚಾಯಿತು. ಆರು ಚುನಾವಣೆಯಲ್ಲಿ ತಮಗೆ ಇಂಥದೊಂದು ಮಾತು ಹೊಳೆದಿರಲಿಲ್ಲ. ಹೊಳೆದಿದ್ದರೆ ಬಹುಶಃ ಮಂತ್ರಿಯಾಗುತ್ತಿದ್ದರು. ಕೇಳಬಾರದೆಂದುಕೊಂಡೇ ಕೇಳಿದರು:

“ನನ್ನ ವಿಷಯ ಏನು ಹೇಳ್ತಿದ್ದೆ? ಬೈತಿದ್ಯೇನು? ಹೇಳು ಪರವಾಗಿಲ್ಲ. ಎದುರಾಳಿ ಅಂದ್ಮೇಲೆ ನಾಲ್ಕು ಮಾತು ಬೈಲೇಬೇಕು.”

ದರ್ಜಿ ಬಹಳ ಹೊತ್ತು ಯೋಚಿಸಿದ. ಅವನು ಸುಳ್ಳು ಹೇಳುವವನಲ್ಲ. ಸಾಹೇಬರ ಮನಸ್ಸು ನೋಯಿಸುವವನೂ ಅಲ್ಲ. ಹುಬ್ಬು ಗಂಟಿಕ್ಕಿ, ಆ ಓಣಿಗಳನ್ನೆಲ್ಲ ಮತ್ತೊಮ್ಮೆ ಮನಸ್ಸಿನಲ್ಲೇ ಸುತ್ತಿಬಂದವನಂತೆ, ಕೊನೆಗೆ ಮೆಲ್ಲಗೆ ಹೇಳಿದ:

“ನಿಮ್ಮ ವಿಷಯ ಯಾರೂ ಎತ್ತಲೇ ಇಲ್ಲ ಸಾಹೇಬ್ರೆ.”

ಮಾಜಿಯವರು ಅವನನ್ನೇ ನೋಡಿದರು. ಗಂಟಲಲ್ಲಿ ಏನೋ ಕದಲಿತು. ಕೆಮ್ಮೆಂದುಕೊಂಡರು, ಆದರೆ ಅದು ನಗುವಾಗಿತ್ತು. ತಡೆಯಲು ಹೋದಷ್ಟೂ ಜೋರಾಗಿ, ಹೊಟ್ಟೆ ಹಿಡಿದುಕೊಳ್ಳುವಷ್ಟು ಬಂತು. ಬೆಂಚಿನ ಆ ತುದಿಯಲ್ಲಿ ಕೂತಿದ್ದ ಹೆಂಗಸು ಚೀಲ ಎತ್ತಿಕೊಂಡು ದೂರ ಹೋಗಿ ನಿಂತಳು. ದರ್ಜಿ ಗಾಬರಿಯಿಂದ ಅವರ ಬೆನ್ನು ನೀವತೊಡಗಿದ, ಆಮೇಲೆ ಅವನಿಗೂ ನಗು ಬಂತು. ಬಸ್ಸು ಬಂದು ನಿಂತಿತು. ಕಂಡಕ್ಟರ್ ಇಬ್ಬರು ಮುದುಕರನ್ನೂ ಒಮ್ಮೆ ನೋಡಿ, ಸೀಟಿ ಊದಿ ಹೊರಡಿಸಿದ.

“ಇನ್ನೊಂದು ಬರತ್ತೆ ಬಿಡು,” ಎಂದರು ಮಾಜಿಯವರು, ಕಣ್ಣೊರಸಿಕೊಳ್ಳುತ್ತ. “ಮೊದಲಿಂದ ಹೇಳು. ಯಾವ ಓಣಿಗೆ ಮೊದಲು ಹೋದೆ?”